ಗಾಳಿಯಲ್ಲಿ ಎದ್ದ ಘಟ್ಟ

ಬೆಂಗಳೂರಿನವರಿಗೆ ಸೈಕ್ಲೋನ್ ಅಂದ್ರೆ ಒಂಥರಾ ಸಣ್ಣ ಹಬ್ಬ. ಅದು ಚೆನ್ನೈ ಹತ್ತಿರ ಎಲ್ಲೋ ದಡ ಮುಟ್ಟುತ್ತೆ. ಇಲ್ಲಿ ಎರಡು ದಿನ ಬಿಸಿಲು ಕಾಣಲ್ಲ, ಜಿಟಿಜಿಟಿ ಮಳೆ, ಬೀರುವಿನ ತಳದಿಂದ ಸ್ವೆಟರ್ ಹೊರಗೆ ಬರುತ್ತೆ, ಆಫೀಸ್ ಗ್ರೂಪಿನಲ್ಲಿ ಒಬ್ಬೊಬ್ಬರಾಗಿ ‘ವರ್ಕ್ ಫ್ರಂ ಹೋಮ್’ ಅಂತ ಮೆಸೇಜ್ ಹಾಕ್ತಾರೆ, ಸಂಜೆ ಬಜ್ಜಿ ಗಾಡಿ ಮುಂದೆ ಕ್ಯೂ. 2022ರ ಡಿಸೆಂಬರ್‌ನಲ್ಲಿ ಮಾಂಡೋಸ್ ಬಂದಾಗ ಊರಿಗೆ ಊರೇ ಊಟಿ ಆಯ್ತು ಅಂತ ಫೋಟೋ ಹಾಕಿಕೊಂಡಿತ್ತು. ಚೆನ್ನೈನವರನ್ನು ಕೇಳಿದರೆ ಬೇರೆ ಕಥೆ ಹೇಳ್ತಾರೆ, ಅದಿರಲಿ. ನಮ್ಮ ಪಾಲಿಗೆ ಆ ಕಥೆ ಪ್ರತಿ ಸಲ ಟೀವಿಯ ಒಂದೇ ವಾಕ್ಯದಲ್ಲಿ ಮುಗಿಯುತ್ತೆ: ‘ಚಂಡಮಾರುತ ದುರ್ಬಲಗೊಂಡಿದ್ದು, ವಾಯುಭಾರ ಕುಸಿತವಾಗಿ ಮಾರ್ಪಟ್ಟಿದೆ.’ ಅಲ್ಲಿಗೆ ಮುಗೀತು, ಚಾನೆಲ್ ಬದಲಾಯಿಸಬಹುದು.

ಈ ‘ದುರ್ಬಲಗೊಂಡಿದೆ’ ಅನ್ನೋ ಪದದ ಮೇಲೆ ನನಗೊಂದು ತಕರಾರಿದೆ. ಅದು 2021ರ ಸೆಪ್ಟೆಂಬರ್ 1ರಿಂದ ಇದೆ.

ಆಗ ನಾನು ನ್ಯೂಜೆರ್ಸಿಯಲ್ಲಿದ್ದೆ, ಆನ್‌ಸೈಟ್. ಅದಕ್ಕೆ ಮೂರು ದಿನ ಮುಂಚೆ, ಆಗಸ್ಟ್ 29ರಂದು, ಐಡಾ ಅನ್ನೋ ಹರಿಕೇನ್ ಲೂಸಿಯಾನಾದ ಪೋರ್ಟ್ ಫೋರ್ಶಾನ್ ಹತ್ತಿರ ದಡಕ್ಕೆ ಅಪ್ಪಳಿಸಿತ್ತು. ಗಾಳಿಯ ವೇಗ ಗಂಟೆಗೆ 240 ಕಿ.ಮೀ., ಕೆಟಗರಿ 4. ಸರಿಯಾಗಿ 16 ವರ್ಷಗಳ ಹಿಂದೆ ಅದೇ ತಾರೀಖಿಗೆ ಕತ್ರಿನಾ ಬಂದಿದ್ದರಿಂದ ಎಲ್ಲ ಕ್ಯಾಮೆರಾಗಳೂ ನ್ಯೂ ಆರ್ಲಿಯನ್ಸ್ ಕಡೆ ತಿರುಗಿದ್ದವು. ನಮಗದು ಟೀವಿ ಸುದ್ದಿ ಅಷ್ಟೇ. ನಾವಿದ್ದ ಜಾಗಕ್ಕೂ ಅದಕ್ಕೂ ಸುಮಾರು 1,900 ಕಿ.ಮೀ., ಅಂದ್ರೆ ಬೆಂಗಳೂರಿನಿಂದ ದೆಹಲಿಗಿಂತ ದೂರ. ಐಡಾ ನೆಲ ಹತ್ತಿತು, ಹರಿಕೇನ್ ಹೋಗಿ ಸ್ಟಾರ್ಮ್ ಆಯ್ತು, ಸ್ಟಾರ್ಮ್ ಹೋಗಿ ಡಿಪ್ರೆಶನ್ ಆಯ್ತು. ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್ ಅದರ ಫೈಲನ್ನು ಮಳೆ ನೋಡಿಕೊಳ್ಳುವ ಇನ್ನೊಂದು ಆಫೀಸಿಗೆ ದಾಟಿಸಿತು. ಸೆಪ್ಟೆಂಬರ್ 1ಕ್ಕೆ ಅಪಲೇಚಿಯನ್ ಬೆಟ್ಟಸಾಲಿನ ಕಡೆ ಬರುವ ಹೊತ್ತಿಗೆ ಅದಕ್ಕೆ ಹರಿಕೇನ್ ಅನ್ನುವ ಯಾವ ಲಕ್ಷಣವೂ ಉಳಿದಿರಲಿಲ್ಲ. ಭಾರಿ ಮಳೆ, ದಿಢೀರ್ ಪ್ರವಾಹ ಅಂತ ಹವಾಮಾನ ಇಲಾಖೆಯವರು ಮೊದಲೇ ಹೇಳಿದ್ದರು. ಆದರೆ ಸುದ್ದಿಯಲ್ಲಿ ಅದರ ಹೆಸರು ‘ಐಡಾದ ಅವಶೇಷ’. ಅವಶೇಷಕ್ಕೆ ಯಾರು ಹೆದರ್ತಾರೆ?

ಸಂಜೆ ಏಳರ ನಂತರ ಫೋನುಗಳು ಶುರು ಮಾಡಿದವು. ಅಮೆರಿಕದಲ್ಲಿ ಇದ್ದವರಿಗೆ ಆ ಶಬ್ದ ಗೊತ್ತಿರುತ್ತೆ. ಸೈಲೆಂಟ್‌ನಲ್ಲಿಟ್ಟಿದ್ದರೂ ಕಿರುಚುತ್ತೆ. ಮೊದಲು ಟೊರ್ನಾಡೊ ಎಚ್ಚರಿಕೆ: ಮನೆಯ ಅತಿ ಕೆಳಗಿನ ಮಹಡಿಗೆ ಹೋಗಿ, ಬೇಸ್‌ಮೆಂಟ್ ಇದ್ದರೆ ಅಲ್ಲಿಗೆ ಇಳಿಯಿರಿ. ಆಮೇಲೆ ದಿಢೀರ್ ಪ್ರವಾಹದ ಎಚ್ಚರಿಕೆ: ತಕ್ಷಣ ಎತ್ತರದ ಜಾಗಕ್ಕೆ ಹೋಗಿ. ಒಂದೇ ಫೋನು, ಒಂದೇ ಸಂಜೆ. ಒಂದು ಮೆಸೇಜು ಕೆಳಗಿಳಿ ಅನ್ನುತ್ತೆ, ಇನ್ನೊಂದು ಮೇಲೆ ಹತ್ತು ಅನ್ನುತ್ತೆ. ಎರಡೂ ಸುಳ್ಳಲ್ಲ. ನ್ಯೂಜೆರ್ಸಿಯ ದಕ್ಷಿಣಕ್ಕೆ ಮುಲಿಕಾ ಹಿಲ್ ಅನ್ನೋ ಊರಿನಲ್ಲಿ ಆ ಸಂಜೆ ನಿಜಕ್ಕೂ ದೊಡ್ಡ ಸುಂಟರಗಾಳಿ ಎದ್ದು ಮನೆಗಳನ್ನು ಬಗೆದು ಹಾಕಿತ್ತು.

ನಮ್ಮ ಟೀಮಿನ ಒಬ್ಬ ಹುಡುಗ, ಹಾವೇರಿ ಕಡೆಯವನು, ಅರ್ಧ ಮೈಲಿ ದೂರದಲ್ಲಿ ಒಂದು ಮನೆಯ ಬೇಸ್‌ಮೆಂಟ್ ಬಾಡಿಗೆಗೆ ಹಿಡಿದಿದ್ದ. ಬಾಡಿಗೆ ಉಳಿಸಿ ಊರಿನ ಸಾಲ ತೀರಿಸುವವರೆಲ್ಲ ಮಾಡುವ ಏರ್ಪಾಡು ಅದು. ಹೊರಗಿನಿಂದ ಆರೇಳು ಮೆಟ್ಟಿಲು ಇಳಿದರೆ ಬಾಗಿಲು, ಒಳಗೆ ಒಂದು ರೂಮು, ಕೈಗೆಟುಕದ ಎತ್ತರದಲ್ಲಿ ಅಂಗೈಯಗಲದ ಕಿಟಕಿ. ಒಂಬತ್ತರ ಹೊತ್ತಿಗೆ ಅವನ ಫೋನ್ ಬಂತು.

‘ಅಣ್ಣಾರ, ಬಾಗ್ಲ ಕೆಳಗಿಂದ ನೀರು ಬರಾಕತ್ತೇತಿ. ಅರಿವಿ ತುರುಕೀನಿ, ನಿಲ್ಲವಲ್ದು.’

‘ಬಟ್ಟೆ ಗಿಟ್ಟೆ ಬಿಡು ಮಾರಾಯ, ಪಾಸ್‌ಪೋರ್ಟ್ ತಗೊಂಡು ಈಗ್ಲೇ ಮೇಲೆ ಹತ್ತು.’

‘ಲ್ಯಾಪ್‌ಟಾಪ್, ಚಾರ್ಜರ್...’

‘ಹತ್ತು ಅಂದ್ನಲ್ಲ!’

ಅವನು ಹತ್ತಿದ. ಮೇಲಿನ ಮನೆಯವರ ಬಾಗಿಲು ಬಡಿದು, ಅವರ ಹಾಲಿನಲ್ಲಿ ರಾತ್ರಿ ಕಳೆದ. ಬೆಳಿಗ್ಗೆ ಹೋಗಿ ನೋಡಿದಾಗ ಅವನ ರೂಮಿನ ಗೋಡೆಯ ಮೇಲೆ ನೀರಿನ ಗೆರೆ ನನ್ನ ಎದೆ ಮಟ್ಟಕ್ಕಿತ್ತು. ಆವತ್ತು ಮನೆಗೆ ಬಂದು ನಾನೊಂದು ಲೆಕ್ಕ ಮಾಡಿದೆ. ಬಿ.ಇ. ಮೊದಲ ವರ್ಷದ ಲೆಕ್ಕವೇ. ಮೂರಡಿ ಅಗಲದ ಬಾಗಿಲ ಹೊರಗೆ ಬರೀ ಎರಡಡಿ ನೀರು ನಿಂತರೆ ಆ ಬಾಗಿಲ ಮೇಲೆ ಒಂದೂವರೆ ಕ್ವಿಂಟಾಲಿಗೂ ಮೀರಿದ ಒತ್ತಡ ಬೀಳುತ್ತೆ. ಎರಡು ಚೀಲ ಅಡಿಕೆಯನ್ನು ಬಾಗಿಲಿಗೆ ಒರಗಿಸಿದ್ದಲ್ಲ, ಅದನ್ನೂ ಮೀರಿದ ಭಾರ. ಹೊರಕ್ಕೆ ತೆರೆಯುವ ಬಾಗಿಲಾದರೆ ಒಳಗಿರುವ ಒಬ್ಬ ಮನುಷ್ಯ ಅದನ್ನು ತಳ್ಳಿ ತೆಗೆಯುವ ಮಾತೇ ಇಲ್ಲ. ಒಳಕ್ಕೆ ತೆರೆಯುವಂಥದ್ದಾದರೆ ಚಿಲಕ ತೆಗೆದ ಕ್ಷಣ ಬಾಗಿಲೂ ನೀರೂ ಒಟ್ಟಿಗೆ ಮೈಮೇಲೆ. ಚಾರ್ಜರ್ ಹುಡುಕಲು ತಗೊಳ್ಳುವ ಐದು ನಿಮಿಷ ಅಂದ್ರೆ ಅಷ್ಟು.

ಎಲ್ಲರಿಗೂ ಮೇಲೆ ಹತ್ತೋಕೆ ಆಗಲಿಲ್ಲ. ನ್ಯೂಯಾರ್ಕ್ ನಗರದಲ್ಲಿ ಆ ರಾತ್ರಿ 13 ಜನ ಸತ್ತರು, ಅದರಲ್ಲಿ 11 ಜನ ಬೇಸ್‌ಮೆಂಟ್ ಮನೆಗಳಲ್ಲಿ. ಹೆಚ್ಚಿನವರು ಕ್ವೀನ್ಸ್‌ನಲ್ಲಿ, ಬೇರೆ ದೇಶಗಳಿಂದ ದುಡಿಯಲು ಬಂದವರು. ಒಂದು ಪುಟ್ಟ ಮಗುವೂ ಇತ್ತು. ನ್ಯೂಜೆರ್ಸಿಯಲ್ಲಿ 30 ಜನ, ಅವರಲ್ಲಿ ಬಹಳಷ್ಟು ಮಂದಿ ನೀರು ನುಗ್ಗಿದ ರಸ್ತೆಯಲ್ಲಿ ಕಾರಿನೊಳಗೇ ಸಿಕ್ಕಿಕೊಂಡವರು. ಕೆಟಗರಿ 4ರ ಗಾಳಿ ಹೊಡೆದ ಊರಿನಿಂದ ಎರಡು ಸಾವಿರ ಕಿ.ಮೀ. ಆಚೆ, ‘ದುರ್ಬಲಗೊಂಡ’ ಮೂರನೇ ದಿನ.

ಸೆಂಟ್ರಲ್ ಪಾರ್ಕ್‌ನ ಮಳೆಮಾಪಕದಲ್ಲಿ ರಾತ್ರಿ 8.51ರಿಂದ 9.51ರವರೆಗಿನ ಒಂದೇ ಗಂಟೆಯಲ್ಲಿ 3.15 ಇಂಚು, ಅಂದರೆ 80 ಮಿ.ಮೀ. ಮಳೆ ದಾಖಲಾಯಿತು. ಅದು ಅಲ್ಲಿಯ ದಾಖಲೆ. ಹಳೆಯ ದಾಖಲೆ 1.94 ಇಂಚು. ಅದೂ ಯಾವುದೋ ಕಾಲದ್ದಲ್ಲ, ಕೇವಲ ಹನ್ನೊಂದು ದಿನ ಹಿಂದೆ ಹೆನ್ರಿ ಅನ್ನೋ ಇನ್ನೊಂದು ಚಂಡಮಾರುತ ಬಿಟ್ಟುಹೋದದ್ದು. ನ್ಯೂಯಾರ್ಕಿನ ಚರಂಡಿಗಳು ಗಂಟೆಗೆ ಸುಮಾರು 1.75 ಇಂಚು ಮಳೆ ತಡೆಯುವ ಅಂದಾಜಿನಲ್ಲಿ ಕಟ್ಟಿದವು. ನಗರಕ್ಕೆ ‘ಫ್ಲಾಶ್ ಫ್ಲಡ್ ಎಮರ್ಜೆನ್ಸಿ’ ಅನ್ನೋ ಅತ್ಯುನ್ನತ ಎಚ್ಚರಿಕೆ ಕೊಟ್ಟದ್ದು ಅದೇ ಮೊದಲ ಸಲ. ನೆವಾರ್ಕ್‌ನಲ್ಲಿ ಆ ದಿನ ಬಿದ್ದ ಒಟ್ಟು ಮಳೆ 8.41 ಇಂಚು.

ಮರುದಿನ ಆಕಾಶ ತೊಳೆದಿಟ್ಟ ಹಾಗೆ ನೀಲಿ. ಆ ಬಿಸಿಲಿನಲ್ಲೇ ಫಿಲಡೆಲ್ಫಿಯಾದ ಊರ ನಡುವಿನ ಹೆದ್ದಾರಿ ಕಾಲುವೆಯ ಹಾಗೆ ತುಂಬಿ ನಿಂತಿತ್ತು. ರಾರಿಟನ್ ನದಿ ದಂಡೆಯ ಮ್ಯಾನ್‌ವಿಲ್ ಅನ್ನೋ ಊರಿನಲ್ಲಿ ನೀರು ಸುತ್ತುವರಿದ ಮನೆಗಳಿಗೆ ಬೆಂಕಿ ಬಿದ್ದಿತ್ತು, ಅಗ್ನಿಶಾಮಕದವರಿಗೆ ಹತ್ತಿರ ಹೋಗಲು ದಾರಿ ಇರಲಿಲ್ಲ.

ಆವತ್ತೇ ಊರಿಂದ ಅಪ್ಪಯ್ಯನ ಫೋನು. ನಮ್ಮೂರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆಯಿಂದ ಹೆಚ್ಚು ದೂರವಿಲ್ಲ. ಅಲ್ಲಿ ಮಳೆಯನ್ನು ಇಂಚಿನಲ್ಲೇ ಮಾತಾಡೋದು.

‘ಎಂತದಾ ಅದು, ಟೀವಿಯಲ್ಲಿ ನ್ಯೂಯಾರ್ಕ್ ತೋರಿಸ್ತಿದಾರೆ? ಎಷ್ಟು ಬಿತ್ತು?’

‘ಗಂಟೆಗೆ ಮೂರು ಇಂಚು ಅಪ್ಪಯ್ಯ. ನಮ್ಮ ಕಡೆ ಒಟ್ಟು ಏಳೆಂಟು ಇಂಚು.’

‘ಏಳೆಂಟು ಇಂಚಿಗಾ?’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮಲ್ಲಿ ಬೀಳತ್ತೆ ಸರಿ, ಘಟ್ಟ ಇದೆ. ಅಲ್ಲಿ ಎಂತ ಇದೆ ಅಂತ ಬಿತ್ತು?’

ಅಡಿಕೆ ಬೆಳೆಯುವವರ ಪ್ರಶ್ನೆಗಳು ಹೀಗೇ ನೇರ ಬುಡಕ್ಕೆ ಹೋಗ್ತವೆ. ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ವೀಕೆಂಡುಗಳಲ್ಲಿ ಕೂತು ಓದಿದೆ. ಓದಿ ತಿಳಿದದ್ದನ್ನು ಇಲ್ಲಿ ಬರೀತಿದೀನಿ. ಒಂದು ಸಾಲಿನಲ್ಲಿ ಹೇಳೋದಾದರೆ: ಅಲ್ಲೂ ಒಂದು ಘಟ್ಟ ಇತ್ತು ಅಪ್ಪಯ್ಯ. ಗಾಳಿಯಿಂದಲೇ ಆದ ಘಟ್ಟ.

ನಮ್ಮ ಘಟ್ಟದ ಕೆಲಸ ಏನು? ಅರಬ್ಬಿ ಸಮುದ್ರದಿಂದ ಮುಂಗಾರು ಗಾಳಿ ಆವಿ ಹೊತ್ತು ಬರುತ್ತೆ. ಬರೀ ಆವಿ ಇದ್ದ ಮಾತ್ರಕ್ಕೆ ಮಳೆ ಬೀಳಲ್ಲ. ಆ ಗಾಳಿ ಮೇಲಕ್ಕೇರಬೇಕು, ಏರಿದಾಗ ತಣಿಯಬೇಕು, ತಣಿದಾಗ ಆವಿ ಹನಿಯಾಗಬೇಕು. ಸಹ್ಯಾದ್ರಿ ಗೋಡೆಯ ಹಾಗೆ ಅಡ್ಡ ನಿಂತು ಆ ಗಾಳಿಯನ್ನು ಬಲವಂತವಾಗಿ ಮೇಲೆ ಹತ್ತಿಸುತ್ತೆ. ಅದಕ್ಕೇ ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ದಾಟಿದ ಮಳೆ, ಘಟ್ಟದ ಆಚೆ ಮಗ್ಗುಲಿನ ಬಯಲುಸೀಮೆಗೆ ಅದರ ಹತ್ತನೇ ಒಂದು ಪಾಲು.

ಈಗ ಚಂಡಮಾರುತಕ್ಕೆ ಬನ್ನಿ. ಉಷ್ಣವಲಯದಲ್ಲಿರುವಾಗ ಅದು ಓಡೋದು ಸಮುದ್ರದ ಬಿಸಿಯ ಮೇಲೆ. ನೀರಿನ ಮೇಲ್ಮೈ ಸುಮಾರು 26.5 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು. ಅಲ್ಲಿಂದ ಎದ್ದ ಆವಿ ಮೇಲೆ ಹೋಗಿ ಹನಿಯಾಗುವಾಗ ತನ್ನೊಳಗೆ ಅಡಗಿಸಿಕೊಂಡಿದ್ದ ಶಾಖವನ್ನು ಬಿಡುತ್ತೆ. ಆ ಶಾಖದಿಂದ ನಡುವಿನ ಗಾಳಿ ಹಗುರಾಗಿ ಇನ್ನಷ್ಟು ಮೇಲೇರುತ್ತೆ, ಕೆಳಗೆ ಒತ್ತಡ ಕುಸಿದು ಸುತ್ತಲಿನ ಗಾಳಿ ನುಗ್ಗುತ್ತೆ. ಅದರ ಹೊಟ್ಟೆ ಬೆಚ್ಚಗಿರುತ್ತೆ, ಮೈ ಬುಗುರಿಯ ಹಾಗೆ ದುಂಡಗಿರುತ್ತೆ. ನೆಲ ಹತ್ತಿದರೆ ಇಂಧನ ಬಂದ್. ನಮ್ಮ ಬಂಗಾಳ ಕೊಲ್ಲಿಯ ಚಂಡಮಾರುತಗಳು ಸಾಮಾನ್ಯವಾಗಿ ಹೀಗೇ, ನೆಲ ಹತ್ತಿ, ಕ್ಷೀಣಿಸಿ, ಮಳೆ ಸುರಿಸಿ ಸಾಯೋದು.

ಆದರೆ ಅಟ್ಲಾಂಟಿಕ್‌ನಲ್ಲಿ ಹುಟ್ಟುವ ಇಂಥ ಚಂಡಮಾರುತಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಾಯಲ್ಲ, ವೇಷ ಬದಲಾಯಿಸ್ತವೆ. ಅವು ಉತ್ತರಕ್ಕೆ ತಿರುಗಿ ಸಮಶೀತೋಷ್ಣ ವಲಯಕ್ಕೆ ಕಾಲಿಡ್ತವೆ. ಅಲ್ಲಿನ ಆಟವೇ ಬೇರೆ. ಅಲ್ಲಿ ಉತ್ತರದ ತಣ್ಣನೆಯ ಒಣ ಗಾಳಿಯೂ ದಕ್ಷಿಣದ ಬೆಚ್ಚನೆಯ ತೇವದ ಗಾಳಿಯೂ ಎದುರುಬದುರಾಗಿ ನಿಂತಿರ್ತವೆ. ಆ ಎರಡರ ನಡುವಿನ ಗಡಿಯನ್ನು ಫ್ರಂಟ್ ಅಂತಾರೆ, ಮೊದಲ ಮಹಾಯುದ್ಧದ ಕಾಲದ ರಣರಂಗದ ಮಾತು. ಈ ಬಿಸಿ-ತಂಪಿನ ವ್ಯತ್ಯಾಸವೇ ಅಲ್ಲಿಯ ಬಿರುಗಾಳಿಗಳಿಗೆ ಇಂಧನ. ಸಮುದ್ರದ ಬಿಸಿ ನೀರು ಬೇಕಿಲ್ಲ, ನೆಲದ ಮೇಲೂ ಓಡ್ತವೆ. ಉಷ್ಣವಲಯದಿಂದ ಬಂದ ಚಂಡಮಾರುತ ಈ ಗಡಿಗೆ ಸಿಕ್ಕಿಕೊಂಡಾಗ ಅದರ ಹಳೆಯ ಎಂಜಿನ್ ಆರುತ್ತಾ ಬರುತ್ತೆ, ಹೊಸ ಎಂಜಿನ್ ಹೊತ್ತಿಕೊಳ್ಳುತ್ತೆ. ಇದಕ್ಕೆ ಹವಾಮಾನದವರು ಎಕ್ಸ್‌ಟ್ರಾಟ್ರಾಪಿಕಲ್ ಟ್ರಾನ್ಸಿಷನ್ ಅಂತಾರೆ. ಟ್ರಾಪಿಕ್ಸ್‌ನಿಂದ ಹೊರಗಿನದಾಗಿ ಬದಲಾಗೋದು, ಅಷ್ಟೇ ಅರ್ಥ.

ನಮ್ಮ ಫೀಲ್ಡಿನವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಹಳೆ ಸಿಸ್ಟಮ್‌ನಿಂದ ಹೊಸದಕ್ಕೆ ಹೋಗುವಾಗ ಎರಡೂ ಒಟ್ಟಿಗೆ ಓಡುವ ಒಂದು ರಾತ್ರಿ ಇರುತ್ತಲ್ಲ, ಕಟ್‌ಓವರ್ ರಾತ್ರಿ. ಎಲ್ಲ ಅನಾಹುತ ಆಗೋದು ಆ ರಾತ್ರಿಯೇ. ಐಡಾ ನಮ್ಮ ತಲೆಮೇಲೆ ಬಂದದ್ದು ಅಂಥ ರಾತ್ರಿ. ಸಮುದ್ರದಿಂದ ತಂದ ಆವಿಯ ಸರಕು ಇನ್ನೂ ಖಾಲಿ ಆಗಿರಲಿಲ್ಲ. ಅದನ್ನು ಮೇಲಕ್ಕೆತ್ತುವ ಹೊಸ ಯಂತ್ರ ಆಗಲೇ ಶುರುವಾಗಿತ್ತು.

ಎತ್ತೋದು ಹೇಗೆ? ತಣ್ಣನೆಯ ಗಾಳಿ ಭಾರ. ಅದು ನೆಲಕ್ಕೆ ಅಂಟಿಕೊಂಡು, ಬಾಗಿಲಿಗೆ ಇಡುವ ಬೆಣೆಯ ಹಾಗೆ, ಓರೆಯಾಗಿ ಕೂತಿರುತ್ತೆ. ದಕ್ಷಿಣದಿಂದ ಬಂದ ತೇವದ ಗಾಳಿ ಅದನ್ನು ತಳ್ಳಲಾರದೆ ಅದರ ಬೆನ್ನು ಹತ್ತುತ್ತೆ. ಮುಂಗಾರು ಗಾಳಿ ಘಟ್ಟ ಹತ್ತಿದ ಹಾಗೇ. ಈ ಘಟ್ಟದ ಇಳಿಜಾರು ತುಂಬಾ ಸಣ್ಣದು, ಸಾಮಾನ್ಯವಾಗಿ ನೂರು-ಇನ್ನೂರು ಕಿ.ಮೀ. ಹೋದರೆ ಒಂದು ಕಿ.ಮೀ. ಏರುವಷ್ಟು. ಕಣ್ಣಿಗೆ ಕಾಣಲ್ಲ, ಮ್ಯಾಪಿನಲ್ಲಿ ಇರಲ್ಲ, ಆದರೂ ಆವಿಯನ್ನು ಹಿಂಡಲು ಸಾಕು. ಜೊತೆಗೆ ಅಂಥ ಜಾಗದಲ್ಲಿ ಹತ್ತು ಕಿ.ಮೀ. ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅನ್ನೋ ಬಿರುಗಾಳಿಯ ನದಿ ಹರೀತಿರುತ್ತೆ. ಚಂಡಮಾರುತ ಅದರ ಸರಿಯಾದ ಮಗ್ಗುಲಿಗೆ ಬಂದರೆ, ಮೇಲಿನ ಗಾಳಿ ಚದುರಿ ಹೋಗಿ, ಒಲೆಗೆ ಚಿಮಣಿ ಇಟ್ಟ ಹಾಗೆ ಕೆಳಗಿನ ಗಾಳಿಯನ್ನು ಎಳೆದುಕೊಳ್ಳುತ್ತೆ. ಕೆಳಗಿನಿಂದ ಘಟ್ಟ ಹತ್ತಿಸೋದು, ಮೇಲಿನಿಂದ ಚಿಮಣಿ ಎಳೆಯೋದು, ನಡುವೆ ಮೆಕ್ಸಿಕೊ ಕೊಲ್ಲಿಯ ಬೆಚ್ಚನೆ ಆವಿ. ಮಳೆ ಬರದೆ ಇನ್ನೇನಾಗುತ್ತೆ?

ಈ ಬದಲಾವಣೆಯಲ್ಲಿ ಚಂಡಮಾರುತದ ಆಕಾರವೂ ಕೆಡುತ್ತೆ. ದುಂಡಗಿದ್ದದ್ದು ಓರೆಕೋರೆ ಆಗುತ್ತೆ. ಗಾಳಿಯ ತುದಿ ಮೊಂಡಾಗುತ್ತೆ, ಆದರೆ ಹರಡಿಕೊಳ್ಳುತ್ತೆ. ಜೆಟ್ ಸ್ಟ್ರೀಮಿನ ಜೊತೆ ಸೇರಿ ನಡಿಗೆ ಜೋರಾಗುತ್ತೆ. ಮಳೆ ಅದರ ಹಾದಿಯ ಎಡ ಮಗ್ಗುಲಿಗೆ ಸರಿಯುತ್ತೆ, ಯಾಕಂದ್ರೆ ತಣ್ಣನೆಯ ಗಾಳಿಯ ಘಟ್ಟ ಇರೋದು ಆ ಕಡೆ. ಹೀಗಾಗಿ ಟೀವಿಯವರು ಮ್ಯಾಪಿನ ಮೇಲೆ ಎಳೆಯುವ ಗೆರೆ ನಿಮ್ಮ ಊರಿನ ದಕ್ಷಿಣಕ್ಕೆ ಹಾದುಹೋದರೂ ನೀರು ನಿಮ್ಮ ಮೇಲೆಯೇ.

ಇನ್ನೂ ವಿಚಿತ್ರ ಅಂದ್ರೆ, ಕೆಲವು ಸಲ ಚಂಡಮಾರುತ ಇನ್ನೂ ಸುಮಾರು ಸಾವಿರ ಕಿ.ಮೀ. ದೂರ ಇರುವಾಗಲೇ ಅದರ ಆವಿ ಮುಂದಾಗಿ ಹರಿದುಬಂದು ಫ್ರಂಟ್ ಹತ್ತಿ ಸುರಿದುಬಿಡುತ್ತೆ. ಮದುವೆ ದಿಬ್ಬಣಕ್ಕಿಂತ ಮೊದಲು ಬ್ಯಾಂಡಿನವರು ಬಂದು ಇಳಿದ ಹಾಗೆ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಫ್ಲಾರಿಡಾದ ದಡ ಮುಟ್ಟುವ ಮುಂಚೆಯೇ ನಾರ್ತ್ ಕೆರೊಲಿನಾದ ಬೆಟ್ಟಗಳಲ್ಲಿ ಹೀಗೆ ಮಳೆ ಹಿಡಿದು ನೆಲ ನೆನೆದಿತ್ತು. ಆಮೇಲೆ ಬಂತು ನಿಜವಾದ ಚಂಡಮಾರುತ. ಬ್ಯೂಸಿಕ್ ಅನ್ನೋ ಜಾಗದಲ್ಲಿ ಮೂರ್ನಾಲ್ಕು ದಿನದಲ್ಲಿ 30 ಇಂಚು ದಾಟಿತು. ಆ ರಾಜ್ಯ ಒಂದರಲ್ಲೇ ನೂರಕ್ಕೂ ಹೆಚ್ಚು ಜನ ಹೋದರು, ಸಮುದ್ರದಿಂದ ನೂರಾರು ಕಿ.ಮೀ. ಒಳಗೆ. ಅಲ್ಲಿಯ ಆಶ್‌ವಿಲ್ ಊರು ಬಿರುಗಾಳಿಯ ಭಯ ಇಲ್ಲ ಅಂತ ಜನ ಬಂದು ನೆಲೆಸುವ ಜಾಗ.

ಇದು ಹೊಸದೇನಲ್ಲ. 1969ರ ಆಗಸ್ಟ್ 17ರಂದು ಕಮೀಲ್ ಮಿಸಿಸಿಪಿ ದಡಕ್ಕೆ ಹೊಡೆದಾಗ ಅದು ಕೆಟಗರಿ 5. ಎರಡು ದಿನದ ನಂತರ, ಸುದ್ದಿಯವರು ಮರೆತ ಮೇಲೆ, ವರ್ಜೀನಿಯಾದ ನೆಲ್ಸನ್ ಕೌಂಟಿ ಎಂಬಲ್ಲಿ ಅದರ ಉಳಿಕೆ ಒಂದು ರಾತ್ರಿ ಫ್ರಂಟ್‌ಗೂ ನಿಜವಾದ ಬೆಟ್ಟಕ್ಕೂ ಸಿಕ್ಕಿಹಾಕಿಕೊಂಡಿತು. ಸುಮಾರು ಎಂಟು ಗಂಟೆಯಲ್ಲಿ ಕನಿಷ್ಠ 27 ಇಂಚು. ಆಗುಂಬೆಯವರೂ ಕಣ್ಣರಳಿಸುವ ಲೆಕ್ಕ. ಬೆಟ್ಟಗಳೇ ಜಾರಿ ಬಂದವು, ನಿದ್ದೆಯಲ್ಲಿದ್ದ ನೂರಕ್ಕೂ ಹೆಚ್ಚು ಜನ ಬೆಳಗು ಕಾಣಲಿಲ್ಲ. 1954ರ ಅಕ್ಟೋಬರ್ 15ರಂದು ಹೇಝಲ್ ಅಮೆರಿಕದ ಕೆರೊಲಿನಾ ದಡ ಹತ್ತಿ, ಅದೇ ರಾತ್ರಿ ಕೆನಡಾದ ಟೊರಾಂಟೊ ತಲುಪಿತು. ದಾರಿಯಲ್ಲಿ ಒಂದು ಬಲವಾದ ಶೀತ ಫ್ರಂಟ್ ಜೊತೆ ಸೇರಿಕೊಂಡಿತ್ತು. ಟೊರಾಂಟೊದವರು ಹರಿಕೇನ್ ಅನ್ನೋದನ್ನು ಪೇಪರಿನಲ್ಲಿ ಓದಿದ್ದವರು. 81 ಜನ ಸತ್ತರು. ಹಂಬರ್ ನದಿಯ ದಂಡೆಯ ರೇಮೋರ್ ಡ್ರೈವ್ ಎಂಬ ಒಂದೇ ಬೀದಿಯಲ್ಲಿ 35 ಜನ ಮನೆಗಳ ಸಮೇತ ಕೊಚ್ಚಿಹೋದರು.

ಇಷ್ಟೆಲ್ಲ ಗೊತ್ತಿದ್ದೂ ಪ್ರತಿ ಸಲ ಜನ ಯಾಕೆ ಸಿಕ್ಕಿಬೀಳ್ತಾರೆ? ಒಂದು ಕಾರಣ ಭಾಷೆ. ಕೆಟಗರಿ 1, 2, 3, 4, 5 ಅನ್ನೋದು ಗಾಳಿಯ ವೇಗದ ಅಳತೆ, ಅಷ್ಟೇ. ಅದರಲ್ಲಿ ಮಳೆಗೆ ಜಾಗವೇ ಇಲ್ಲ. ಗಾಳಿ ಇಳಿದರೆ ನಂಬರ್ ಇಳಿಯುತ್ತೆ, ನಂಬರ್ ಇಳಿದರೆ ಭಯ ಇಳಿಯುತ್ತೆ. ನಾವು ಟಿಕೆಟ್ ಮುಚ್ಚುವಾಗ ‘ರಿಸಾಲ್ವ್ಡ್’ ಅಂತ ಹಾಕ್ತೀವಲ್ಲ, ಹಾಗೆ. ಸಮಸ್ಯೆ ಬಗೆಹರಿದಿರಲ್ಲ, ಬೇರೆ ಟೀಮಿಗೆ ದಾಟಿರುತ್ತೆ.

ಇದು ಬರೀ ಜನರ ಅಸಡ್ಡೆಯೂ ಅಲ್ಲ. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಇದೇ ನ್ಯೂಜೆರ್ಸಿಯ ದಡ ಮುಟ್ಟುವ ಸ್ವಲ್ಪ ಮುಂಚೆ ವೇಷ ಬದಲಾಯಿಸಿತು. ಹಾಗೆ ಬದಲಾಗುತ್ತೆ ಅಂತ ಹರಿಕೇನ್ ಸೆಂಟರಿನವರಿಗೆ ಮೊದಲೇ ಗೊತ್ತಿತ್ತು. ಆದರೆ ಆಗಿನ ನಿಯಮದ ಪ್ರಕಾರ, ದಡ ಮುಟ್ಟುವಾಗ ಅದು ಹರಿಕೇನ್ ಆಗಿರಲ್ಲ ಅಂದ ಮೇಲೆ ನಾರ್ತ್ ಕೆರೊಲಿನಾದಿಂದ ಉತ್ತರಕ್ಕೆ ಹರಿಕೇನ್ ವಾರ್ನಿಂಗ್ ಹೊರಡಿಸಲಿಲ್ಲ. ಬೇರೆ ಬೇರೆ ಹೆಸರಿನ ಎಚ್ಚರಿಕೆಗಳು ಹೋದವು. ವಿಜ್ಞಾನದ ದೃಷ್ಟಿಯಿಂದ ಸರಿ. ಆದರೆ ಮನೆಗೆ ಸಮುದ್ರ ನುಗ್ಗಿದವನಿಗೆ ಬಿರುಗಾಳಿಯ ಹೊಟ್ಟೆ ಬೆಚ್ಚಗಿತ್ತೋ ತಣ್ಣಗಿತ್ತೋ ಕಟ್ಟಿಕೊಂಡು ಏನಾಗಬೇಕು? ಟೀಕೆಗಳು ಬಂದವು. 2013ರಲ್ಲಿ ನಿಯಮ ತಿದ್ದಿದರು: ಚಂಡಮಾರುತ ವೇಷ ಬದಲಾಯಿಸಿದರೂ ಅಪಾಯ ಇರುವ ತನಕ ಹರಿಕೇನ್ ವಾರ್ನಿಂಗ್ ಮುಂದುವರಿಸಬಹುದು. ಗಾಳಿ ಮತ್ತು ಸಮುದ್ರದ ವಿಷಯದಲ್ಲಿ ಒಂದು ತೂತು ಮುಚ್ಚಿತು. ಒಳನಾಡಿನ ಮಳೆಗೆ ಇವತ್ತಿಗೂ ಹಾಗೆ ಜನರ ಬಾಯಲ್ಲಿ ನಿಲ್ಲುವ ಒಂದು ನಂಬರ್ ಇಲ್ಲ.

ಇನ್ನೊಂದು ಕಾರಣ, ನನಗೆ ಹೆಚ್ಚು ಮುಖ್ಯ ಅನ್ನಿಸೋದು, ಅಭ್ಯಾಸ. ನಮ್ಮ ಘಟ್ಟ ನಿಂತಲ್ಲೇ ನಿಂತಿದೆ. ಮಳೆ ಎಲ್ಲಿ, ಯಾವಾಗ, ಎಷ್ಟು ಅಂತ ಅಜ್ಜನ ಕಾಲದಿಂದ ಗೊತ್ತು. ಅದಕ್ಕೇ ಮಲೆನಾಡಿನ ಮನೆಗಳ ಮಾಡು ಅಷ್ಟು ಇಳಿಜಾರು, ಜಗಲಿ ಅಷ್ಟು ಎತ್ತರ. ತೋಟದಲ್ಲಿ ಸಾಲು ಬಿಟ್ಟು ಸಾಲಿಗೆ ಬಸಿಗಾಲುವೆ ತೋಡಿ, ಪ್ರತಿ ವರ್ಷ ಮಳೆಗೆ ಮುಂಚೆ ಕೆಸರು ಎತ್ತುತ್ತಾರೆ. ಅಲ್ಲಿ ಯಾರೂ ನೆಲದ ಕೆಳಗೆ ಮಲಗಲ್ಲ. ಇಷ್ಟೆಲ್ಲ ಇದ್ದೂ ಗುಡ್ಡ ಜಾರುವ ವರ್ಷ ನಾವೂ ತತ್ತರಿಸ್ತೀವಿ, ಅದು ಬೇರೆ. ಆದರೆ ಗಾಳಿಯ ಘಟ್ಟ ಒಂದು ರಾತ್ರಿ ಮಟ್ಟಿಗೆ ಎಲ್ಲಿ ಬೇಕಾದರೂ ಏಳುತ್ತೆ, ಬೆಳಿಗ್ಗೆ ಹೊತ್ತಿಗೆ ಕರಗಿಹೋಗಿರುತ್ತೆ. ಅದು ಎದ್ದ ಊರಿಗೆ ಆಗುಂಬೆಯ ಮಳೆ ಬರುತ್ತೆ, ಆಗುಂಬೆಯ ಮಾಡು, ಜಗಲಿ, ಕಾಲುವೆ ಯಾವುದೂ ಬರಲ್ಲ. ‘ಏಳೆಂಟು ಇಂಚಿಗಾ?’ ಅಂತ ಅಪ್ಪಯ್ಯ ಕೇಳಿದ್ದಕ್ಕೆ ಉತ್ತರ ಇದು. ಇಂಚುಗಳು ಒಂದೇ, ಅವನ್ನು ಹಿಡಿಯುವ ಪಾತ್ರೆ ಬೇರೆ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಹೆಚ್ಚು ಆವಿ ಹೊರಬಲ್ಲದು. ಭೂಮಿ ಬಿಸಿಯಾಗ್ತಿದೆ ಅಂದ್ರೆ ದಕ್ಷಿಣದಿಂದ ಬರುವ ಸರಕು ದೊಡ್ಡದಾಗ್ತಿದೆ ಅಂತ ಅರ್ಥ. ಹನ್ನೊಂದು ದಿನದಲ್ಲಿ ಎರಡು ಸಲ ಮುರಿದ ಸೆಂಟ್ರಲ್ ಪಾರ್ಕಿನ ದಾಖಲೆಯನ್ನು ಒಂದು ಕಾರಣಕ್ಕೇ ಕಟ್ಟಿಹಾಕೋಕೆ ನಾನು ಹೋಗಲ್ಲ. ಆದರೆ ಗಂಟೆಗೆ 1.75 ಇಂಚಿನ ಚರಂಡಿ ಕಟ್ಟಿದ ಕಾಲದ ಗಾಳಿ ಈಗಿನದಲ್ಲ ಅನ್ನೋದು ಲೆಕ್ಕ ಬಲ್ಲವರಿಗೆಲ್ಲ ತಿಳಿಯುವಂಥದ್ದು.

ಹಾವೇರಿಯ ಹುಡುಗ ಎರಡು ವಾರ ನನ್ನ ಹಾಲಿನಲ್ಲಿ ಮಲಗಿದ. ಅವನ ಕೆಳಮನೆಯ ಮಾಲೀಕರು ಗೋಡೆಗೆ ಸುಣ್ಣ ಬಳಿಸಿ, ಕಾರ್ಪೆಟ್ ಹೊಸದು ಹಾಕಿಸಿ, ತಿಂಗಳೊಳಗೆ ಮತ್ತೊಬ್ಬರಿಗೆ ಬಾಡಿಗೆಗೆ ಕೊಟ್ಟರು. ಯಾರೋ ಹೊಸದಾಗಿ ಬಂದ ವಿದ್ಯಾರ್ಥಿಗಳಂತೆ. ಇವನು ಹೋಗಿ ಅವರಿಗೆ ನೀರಿನ ಗೆರೆ ಎಲ್ಲಿತ್ತು ಅಂತ ಕೈಯಿಟ್ಟು ತೋರಿಸಿ ಬಂದ. ‘ಹೇಳೋದು ಹೇಳೀನ್ರೀ ಅಣ್ಣಾರ. ಬಾಡಿಗಿ ಕಡಿಮಿ ಐತಿ ಅಂದ್ರು,’ ಅಂದ.

ಬಾಡಿಗೆ ಕಡಿಮೆ ಇರೋದು ಯಾಕೆ ಅಂತ ನಗರಗಳಿಗೆ ಗೊತ್ತಿದೆ. ಬೇಸ್‌ಮೆಂಟಿನಲ್ಲಿ ಜನ ಇರಬಾರದು ಅಂತ ಒಂದು ಬೋರ್ಡು ಹಾಕಿದರೆ ಅವರು ಇನ್ನೂ ಮರೆಗೆ ಹೋಗ್ತಾರೆ, ಎಚ್ಚರಿಕೆ ಮುಟ್ಟದ ಕಡೆಗೆ. ಟೊರಾಂಟೊದವರು ಹೇಝಲ್ ನಂತರ ಬೇರೆ ದಾರಿ ಹಿಡಿದರು. ನದಿ ಹರಿಯುವ ತಗ್ಗುಗಳಿಗಾಗಿಯೇ 1957ರಲ್ಲಿ ಒಂದು ಪ್ರಾಧಿಕಾರ ಮಾಡಿದರು. ಪ್ರವಾಹದ ಬಯಲಿನಲ್ಲಿ ಹೊಸ ಮನೆ ಕಟ್ಟೋದನ್ನು ನಿಲ್ಲಿಸಿದರು, ಇದ್ದ ಜಾಗವನ್ನು ದುಡ್ಡು ಕೊಟ್ಟು ಕೊಂಡರು, ಆಣೆಕಟ್ಟುಗಳನ್ನು ಕಟ್ಟಿದರು. ಆ ತಗ್ಗುಗಳೇ ಇವತ್ತು ಊರ ನಡುವಿನ ಉದ್ದುದ್ದ ಹಸಿರು ಪಾರ್ಕುಗಳು. ಮೂವತ್ತೈದು ಜನ ಹೋದ ಆ ಬೀದಿಯ ಜಾಗ ಈಗ ರೇಮೋರ್ ಪಾರ್ಕ್. ಅಲ್ಲಿ ಮತ್ತೆ ಯಾರೂ ಮನೆ ಕಟ್ಟಿಲ್ಲ.

ಈ ಅಂಕಣ ಓದುವವರಲ್ಲಿ ಎಡಿಸನ್‌ನಲ್ಲೋ ಟೊರಾಂಟೊದಲ್ಲೋ ತಮ್ಮ, ತಂಗಿ, ಗೆಳೆಯರು ಇರುವವರು ತುಂಬಾ ಜನ ಇದೀರಿ. ಆಗಸ್ಟ್‌ನಿಂದ ಅಕ್ಟೋಬರ್ ತನಕ ಅವರಿಗೆ ಫೋನ್ ಮಾಡುವಾಗ ಸುಮ್ಮನೆ ಮೂರು ವಿಷಯ ಕೇಳಿ. ಮಲಗೋದು ನೆಲಕ್ಕಿಂತ ಕೆಳಗಾ? ಹಾಗಿದ್ದರೆ ಹೊರಗೆ ಹೋಗೋಕೆ ಎರಡನೇ ದಾರಿ ಇದೆಯಾ? ದಕ್ಷಿಣದಲ್ಲಿ ಚಂಡಮಾರುತ ಸತ್ತಿತು ಅಂತ ಸುದ್ದಿ ಬಂದ ದಿನ, ಗಾಳಿಯ ನಂಬರ್ ಬಿಟ್ಟು, ಗಂಟೆಗೆ ಎಷ್ಟು ಇಂಚು ಮಳೆ ಅಂತಿದಾರೆ ನೋಡಿದ್ರಾ? ಉತ್ತರ ಎರಡು ಇಂಚು ದಾಟಿದ್ದರೆ ಪಾಸ್‌ಪೋರ್ಟ್ ಕೈಗೆ ತಗೊಂಡು ಮೇಲಿನ ಮನೆಯವರ ಬಾಗಿಲು ತಟ್ಟೋಕೆ ಹೇಳಿ. ಅರ್ಧರಾತ್ರಿ ಆಗಿದ್ದರೂ ಪರವಾಗಿಲ್ಲ. ಸಂಕೋಚ ಬೆಳಿಗ್ಗೆ ಪಟ್ಟುಕೊಂಡರಾಯಿತು.